ಡಿಸ್ಕ್ ಸತ್ತರೂ ಡೇಟಾ ಉಳಿಯಬೇಕಾದರೆ

ಕಳೆದ ವರ್ಷ ಸೆಮಿಸ್ಟರ್ ರಜೆ ಮುಗಿಸಿ ಬಂದು ಕನ್ನಡ ಸಂಘದ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಾಕಿದಾಗ ಅದು ಟಿಕ್ ಟಿಕ್ ಅಂತ ಎರಡು ಸಲ ಸದ್ದು ಮಾಡಿ ಸುಮ್ಮನಾಯಿತು. ಆರು ವರ್ಷದ ರಾಜ್ಯೋತ್ಸವದ ವಿಡಿಯೊ, ನಾಟಕದ ಫೋಟೊ, ಹಳೆಯ ಸಂಚಿಕೆಗಳ ಫೈಲು ಎಲ್ಲವೂ ಅದರಲ್ಲೇ ಇದ್ದವು. ರಿಪೇರಿಯವರು ನೋಡಿ "ಆಗಲ್ಲ" ಅಂದರು. ಪಾಸಾಗಿ ಹೋದ ಸೀನಿಯರ್‌ಗಳಿಗೆ ಫೋನ್ ಮಾಡಿ "ಬ್ಯಾಕಪ್ ಎಲ್ಲಿದೆ ಅಣ್ಣ?" ಅಂತ ಕೇಳಿದೆವು. "ಆ ಡಿಸ್ಕೇ ಬ್ಯಾಕಪ್ಪು ಕಣ್ರೋ" ಅಂದರು.

ಆಮೇಲೆ ಒಂದು ವಾರ ಹಳೆಯ ವಾಟ್ಸಾಪ್ ಗ್ರೂಪುಗಳನ್ನು ಜಾಲಾಡಿದೆವು. ಆಗ ಒಂದು ವಿಷಯ ಗಮನಕ್ಕೆ ಬಂತು. ಫೆಸ್ಟ್‌ನಲ್ಲಿ ನಮ್ಮ ಹುಡುಗರು ಕುಣಿದ ಮೂರು ನಿಮಿಷದ ವಿಡಿಯೊ ಹನ್ನೊಂದು ಜನರ ಫೋನಿನಲ್ಲಿ ಸಿಕ್ಕಿತು. ಆದರೆ ಹಾಸ್ಟೆಲ್ ಮೆಸ್‌ನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದ ಭಟ್ಟರ ಜೊತೆ ನಮ್ಮ ಸಂಘ ಮಾಡಿದ್ದ ಒಂದು ಗಂಟೆಯ ಸಂದರ್ಶನ ಒಬ್ಬರ ಹತ್ತಿರವೂ ಇರಲಿಲ್ಲ. ಭಟ್ಟರು ಈಗ ಇಲ್ಲ. ಮತ್ತೆ ರೆಕಾರ್ಡ್ ಮಾಡೋಣ ಅನ್ನುವ ಹಾಗಿಲ್ಲ.

ಹೀಗಾಗದ ಹಾಗೆ ಡೇಟಾ ಇಡುವುದು ಹೇಗೆ ಅಂತ ಓದಲು ಕೂತೆವು. ದೊಡ್ಡ ಕಂಪನಿಗಳು, ಸಂಶೋಧಕರು ಇದೇ ಪ್ರಶ್ನೆ ಇಟ್ಟುಕೊಂಡು ಸುಮಾರು ನಲವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. ಅವರಲ್ಲಿ ಹಲವರು ಉತ್ತರಕ್ಕಾಗಿ ನೋಡಿದ್ದು ಇರುವೆ ಗೂಡನ್ನು, ಸಾಂಕ್ರಾಮಿಕ ರೋಗವನ್ನು, ದೇಹದ ಗಾಯ ಮಾಯುವ ರೀತಿಯನ್ನು. ಅವರು ಪ್ರಕೃತಿಯಿಂದ ಏನು ಕಲಿತರು, ಪ್ರಕೃತಿ ಎಲ್ಲಿ ನಮ್ಮ ಕೈ ಬಿಡುತ್ತದೆ, ಎರಡನ್ನೂ ಇಲ್ಲಿ ಹೇಳುತ್ತೇವೆ.

ಕೆಡುವುದು ಮಾಮೂಲಿ

ಲೆಕ್ಕಕ್ಕೆ, ವರ್ಷಕ್ಕೆ ನೂರರಲ್ಲಿ ಒಂದು ಡಿಸ್ಕ್ ಕೆಡುತ್ತದೆ ಅಂತ ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಇರುವುದು ಒಂದೇ ಡಿಸ್ಕ್ ಆದರೆ "ನಂದು ಕೆಡಲ್ಲ ಬಿಡು" ಅಂತ ಧೈರ್ಯವಾಗಿ ಇರಬಹುದು. 10,000 ಡಿಸ್ಕ್ ಇರುವವರಿಗೆ ವರ್ಷಕ್ಕೆ 100 ಕೆಡುತ್ತವೆ, ಅಂದರೆ ಮೂರು ನಾಲ್ಕು ದಿನಕ್ಕೊಂದು. ಅಂಥ ಕಡೆ ಕೆಡುವುದು ಅಪಘಾತ ಅಲ್ಲ, ದಿನನಿತ್ಯದ ಕೆಲಸ.

ಇರುವೆ ಗೂಡಿನಲ್ಲೂ ಅಷ್ಟೇ. ದಿನಾ ಒಂದಷ್ಟು ಇರುವೆ ಸಾಯುತ್ತವೆ, ಗೂಡು ನಡೆಯುತ್ತಲೇ ಇರುತ್ತದೆ. ನಮ್ಮ ಚರ್ಮದ ಕೋಶಗಳು ಉದುರುತ್ತಲೇ ಇರುತ್ತವೆ, ನಾವು ನಾವಾಗಿಯೇ ಇರುತ್ತೇವೆ. ಬಿಡಿ ಭಾಗವನ್ನು ಉಳಿಸಿಕೊಳ್ಳಲು ಪ್ರಕೃತಿ ಹೆಚ್ಚು ಒದ್ದಾಡುವುದಿಲ್ಲ. ಕಳೆದುಕೊಳ್ಳುವ ವೇಗಕ್ಕಿಂತ ಸರಿಮಾಡಿಕೊಳ್ಳುವ ವೇಗ ಹೆಚ್ಚಿದ್ದರೆ ಸಾಕು. ಈ ಲೇಖನದಿಂದ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಾಸ್ಟೆಲ್‌ನಲ್ಲಿ ಸುದ್ದಿ ಹಬ್ಬುವ ಹಾಗೆ

1987ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದವರಿಗೆ ಒಂದು ತಲೆನೋವಿತ್ತು. ಕಂಪನಿಯ ನೆಟ್‌ವರ್ಕ್‌ನಲ್ಲಿ ಹೆಸರು ಮತ್ತು ವಿಳಾಸಗಳ ಪಟ್ಟಿ ನೂರಾರು ಸರ್ವರ್‌ಗಳಲ್ಲಿ ಇತ್ತು. ಒಂದು ಕಡೆ ಬದಲಾಯಿಸಿದರೆ ಎಲ್ಲ ಕಡೆ ಬದಲಾಗಬೇಕು. ಮೊದಲು ಎಲ್ಲರಿಗೂ ಮೇಲ್ ಕಳಿಸುವ ಪದ್ಧತಿ ಇತ್ತು. ಒಂದು ಪಟ್ಟಿ 300 ಕಡೆ ಇದ್ದು, ಆ 300 ಸರ್ವರ್‌ಗಳೂ ಉಳಿದ 300ಕ್ಕೆ ಮತ್ತೆ ಮತ್ತೆ ಕಳಿಸಲು ಶುರು ಮಾಡಿದರೆ ಒಂದೇ ರಾತ್ರಿಯಲ್ಲಿ 90,000 ಮೇಲ್! ನೆಟ್‌ವರ್ಕ್ ಉಸಿರು ಕಟ್ಟಿತು.

ಆಗ ಅಲನ್ ಡೆಮರ್ಸ್ ಮತ್ತು ಜೊತೆಗಾರರು ಸಾಂಕ್ರಾಮಿಕ ರೋಗದ ಗಣಿತವನ್ನು ಎತ್ತಿಕೊಂಡರು. ರೋಗ ಹಬ್ಬಿಸಲು ಮ್ಯಾನೇಜರ್ ಬೇಕಾಗಿಲ್ಲ. ಪ್ರತಿ ರೋಗಿಯೂ ಎದುರಿಗೆ ಸಿಕ್ಕ ಒಬ್ಬಿಬ್ಬರಿಗೆ ಅಂಟಿಸುತ್ತಾನೆ, ಅಷ್ಟೇ. ಸರ್ವರ್‌ಗಳೂ ಹಾಗೇ ಮಾಡಲಿ ಅಂದರು. ಪ್ರತಿಯೊಂದೂ ಆಗಾಗ ಯಾವುದೋ ಒಂದು ಸರ್ವರನ್ನು ಸುಮ್ಮನೆ ಆರಿಸಿಕೊಂಡು "ಹೊಸದೇನು?" ಅಂತ ವಿಚಾರಿಸಲಿ. ಇದಕ್ಕೆ ಈಗ ಗಾಸಿಪ್ ಪ್ರೊಟೊಕಾಲ್ ಅಂತಲೇ ಹೆಸರು.

ಹಾಸ್ಟೆಲ್‌ಗೇ ಹೋಲಿಸೋಣ. "ನಾಳೆ ಇಂಟರ್ನಲ್ಸ್ ಪೋಸ್ಟ್‌ಪೋನ್" ಅನ್ನುವುದು ಒಬ್ಬನಿಗೆ ಗೊತ್ತಾಯಿತು. ನಿಮಿಷಕ್ಕೆ ಒಬ್ಬೊಬ್ಬರು ಒಬ್ಬೊಬ್ಬರಿಗೆ ಹೇಳಿದರೆ 2, 4, 8, 16 ಅಂತ ಏರಿ ಹತ್ತೇ ಸುತ್ತಿನಲ್ಲಿ 1,024 ಜನಕ್ಕೆ ಮುಟ್ಟಬೇಕು. ನಿಜವಾಗಿ ಹಾಗಾಗಲ್ಲ. ಕೊನೆ ಕೊನೆಗೆ ಯಾರಿಗೆ ಹೇಳಿದರೂ "ಗೊತ್ತಪ್ಪಾ, ಹಳೇ ಸುದ್ದಿ" ಅಂತಾರೆ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ ಜನಸಂಖ್ಯೆಯ ಬೇಸ್ 2 ಲಾಗ್‌ಗೆ ಅದರ ನ್ಯಾಚುರಲ್ ಲಾಗ್ ಕೂಡಿಸಿದಷ್ಟು ಸುತ್ತು ಬೇಕು. ಸಾವಿರ ಜನಕ್ಕೆ 10 ಮತ್ತು 7, ಒಟ್ಟು 17ರ ಆಸುಪಾಸು. ಹತ್ತು ಸಾವಿರ ಜನಕ್ಕೆ ಸುಮಾರು 23. ಜನ ಹತ್ತು ಪಟ್ಟಾದರೂ ಆರು ಸುತ್ತು ಮಾತ್ರ ಹೆಚ್ಚು. ಮಜಾ ಇರುವುದು ಇಲ್ಲೇ.

ಹೇಳುವುದು ಮತ್ತು ಕೇಳುವುದರ ನಡುವೆಯೂ ವ್ಯತ್ಯಾಸ ಇದೆ. ನೂರಕ್ಕೆ ಹತ್ತು ಜನಕ್ಕೆ ಇನ್ನೂ ಸುದ್ದಿ ಗೊತ್ತಿಲ್ಲ ಅನ್ನಿ. ಗೊತ್ತಿರುವವರು ಯಾರಿಗೋ ಹೇಳುತ್ತಾ ಹೋದರೆ ಆ ಹತ್ತು ಮುಂದಿನ ಸುತ್ತಿಗೆ ಸುಮಾರು 4.1ಕ್ಕೆ, ಆಮೇಲೆ 1.6ಕ್ಕೆ ಇಳಿಯುತ್ತದೆ. ಅದರ ಬದಲು ಗೊತ್ತಿಲ್ಲದವರೇ ಹೋಗಿ ಯಾರನ್ನೋ ಕೇಳಿದರೆ ಹತ್ತು ಒಂದೇ ಸುತ್ತಿಗೆ 1 ಆಗುತ್ತದೆ, ಅದರ ಮುಂದಿನ ಸುತ್ತಿಗೆ 0.01. ಹಾಗಾಗಿ ಶುರುವಿನಲ್ಲಿ ಹೇಳುವುದು ಒಳ್ಳೆಯದು, ಕೊನೆಯಲ್ಲಿ ಕೇಳುವುದು ಒಳ್ಳೆಯದು. ಹೊಸ ಸೇರ್ಪಡೆಗಳನ್ನು ಗಾಳಿಸುದ್ದಿಯ ಹಾಗೆ ಹಬ್ಬಿಸಿ, ಆಗೊಮ್ಮೆ ಈಗೊಮ್ಮೆ ಇಡೀ ಪಟ್ಟಿಯನ್ನು ಪಕ್ಕದವರ ಜೊತೆ ಹೋಲಿಸಿ ನೋಡಿಕೊಳ್ಳುವ ಎರಡು ಹಂತದ ಪದ್ಧತಿ ಹುಟ್ಟಿದ್ದು ಹೀಗೆ.

2007ರಲ್ಲಿ ಅಮೆಜಾನ್ ಪ್ರಕಟಿಸಿದ ಡೈನಮೋ ವಿನ್ಯಾಸದಲ್ಲೂ, 2008ರಲ್ಲಿ ಫೇಸ್‌ಬುಕ್ ಓಪನ್ ಸೋರ್ಸ್ ಮಾಡಿದ ಕಸಾಂಡ್ರಾ ಡೇಟಾಬೇಸ್‌ನಲ್ಲೂ ಇದೇ ಗಾಸಿಪ್ ಇದೆ. ಕಸಾಂಡ್ರಾದ ಪ್ರತಿ ನೋಡ್ ಸೆಕೆಂಡಿಗೊಮ್ಮೆ ಒಂದರಿಂದ ಮೂರು ನೋಡ್‌ಗಳ ಜೊತೆ ಮಾತಾಡಿ, ಯಾರು ಬದುಕಿದ್ದಾರೆ, ಯಾರು ಬಿದ್ದಿದ್ದಾರೆ ಅಂತ ತಿಳಿದುಕೊಳ್ಳುತ್ತದೆ. ಎಲ್ಲರ ಹಾಜರಿ ಹಾಕುವ ಲೀಡರ್ ಅಲ್ಲಿ ಇಲ್ಲ. ಹಾಗಾಗಿ ಲೀಡರ್ ಸತ್ತರೆ ಏನು ಗತಿ ಅನ್ನುವ ಪ್ರಶ್ನೆಯೂ ಇಲ್ಲ.

ಅಳಿಸಿದ್ದು ಮತ್ತೆ ಎದ್ದು ಬಂದರೆ?

ಗಾಸಿಪ್‌ನಲ್ಲಿ ಒಂದು ಪೇಚು ಇದೆ. ನೀವು ಒಂದು ಫೈಲ್ ಅಳಿಸಿದಿರಿ. ಪಕ್ಕದ ನೋಡ್ ಬಂದು ಹೋಲಿಸಿ ನೋಡುತ್ತದೆ. "ಅಯ್ಯೋ, ಇವನ ಹತ್ತಿರ ಇದು ಇಲ್ಲವಲ್ಲ, ಪಾಪ" ಅಂತ ಹಳೆಯ ಪ್ರತಿಯನ್ನು ವಾಪಸ್ ಕೊಟ್ಟು ಹೋಗುತ್ತದೆ. ಸತ್ತ ಡೇಟಾ ಮತ್ತೆ ಎದ್ದು ಕೂರುತ್ತದೆ. "ಇಲ್ಲ" ಅನ್ನುವುದು ತಾನಾಗಿ ಹಬ್ಬುವುದಿಲ್ಲ, "ಇದೆ" ಅನ್ನುವುದು ಮಾತ್ರ ಹಬ್ಬುತ್ತದೆ.

ಡೆಮರ್ಸ್ ತಂಡ ಇದಕ್ಕೆ ಕೊಟ್ಟ ಉತ್ತರ ಮರಣಪತ್ರ. ಅಳಿಸುವಾಗ ಫೈಲಿನ ಜಾಗದಲ್ಲಿ "ಇದು ಇಂಥ ಹೊತ್ತಿಗೆ ಸತ್ತಿದೆ" ಅನ್ನುವ ಚೀಟಿ ಇಟ್ಟು, ಆ ಚೀಟಿಯನ್ನೇ ಹಬ್ಬಿಸುವುದು. ಚೀಟಿಗಳನ್ನು ಎಲ್ಲ ಕಡೆ ಶಾಶ್ವತವಾಗಿ ಇಟ್ಟುಕೊಂಡರೆ ಜಾಗ ದಂಡ. ಆದ್ದರಿಂದ ಕೆಲವು ಕಾಲದ ನಂತರ ಬಹುತೇಕ ಸರ್ವರ್‌ಗಳು ಅದನ್ನು ಎಸೆದುಬಿಡುತ್ತವೆ, ಕೆಲವೇ ಕೆಲವು ಮಾತ್ರ ಮಲಗಿಸಿ ಇಟ್ಟುಕೊಳ್ಳುತ್ತವೆ. ಎಲ್ಲಿಂದಲೋ ಹಳೆಯ ಪ್ರತಿ ತಲೆ ಎತ್ತಿದರೆ ಮಲಗಿದ್ದ ಚೀಟಿ ಎಚ್ಚೆತ್ತು ಮತ್ತೆ ಹಬ್ಬುತ್ತದೆ. ಒಮ್ಮೆ ಬಂದು ಹೋದ ರೋಗವನ್ನು ದೇಹದ ಪ್ರತಿಕಾಯಗಳು ನೆನಪಿಟ್ಟುಕೊಳ್ಳುವುದಕ್ಕೆ ಅವರೇ ಇದನ್ನು ಹೋಲಿಸಿದ್ದಾರೆ. ಕಸಾಂಡ್ರಾದಲ್ಲಿ ಇಂಥ ಚೀಟಿಗೆ ಟೂಂಬ್‌ಸ್ಟೋನ್, ಅಂದರೆ ಗೋರಿಕಲ್ಲು ಅಂತ ಹೆಸರು. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದರ ಆಯಸ್ಸು 8,64,000 ಸೆಕೆಂಡ್, ಹತ್ತು ದಿನ. ಒಂದು ನೋಡ್ ಹನ್ನೆರಡು ದಿನ ಮಲಗಿದ್ದು ರಿಪೇರಿ ಇಲ್ಲದೆ ಎದ್ದು ಬಂದರೆ ಏನಾಗಬಹುದು? ನೀವೇ ಯೋಚಿಸಿ. ಇಂಟರ್ವ್ಯೂನಲ್ಲಿ ಕೇಳಿದರೂ ಕೇಳಬಹುದು.

ಇರುವೆ ದಾರಿ, ಮರೆವಿನ ದಾರಿ

ಸುದ್ದಿ ಹಬ್ಬಿಸುವುದಾಯಿತು. ಬೇಕಾದ ಫೈಲು ಯಾರ ಹತ್ತಿರ ಇದೆ ಅಂತ ಹುಡುಕುವುದು ಹೇಗೆ? ಇಲ್ಲಿ ಇರುವೆ ಬರುತ್ತದೆ.

1989ರಲ್ಲಿ ಬ್ರಸೆಲ್ಸ್‌ನ ಡೆನೆಬೂರ್ಗ್ ಮತ್ತು ಸಂಗಡಿಗರ ಒಂದು ಪ್ರಯೋಗ ಪ್ರಕಟವಾಯಿತು. ಅರ್ಜೆಂಟೀನಾ ಇರುವೆಗಳ ಗೂಡಿಗೂ ಆಹಾರಕ್ಕೂ ನಡುವೆ ಎರಡು ಕವಲಿನ ಸೇತುವೆ. ಒಂದು ಕವಲು ಇನ್ನೊಂದರ ಎರಡರಷ್ಟು ಉದ್ದ. ಶುರುವಿನಲ್ಲಿ ಇರುವೆಗಳು ಎರಡರಲ್ಲೂ ಹೋದವು. ಗಿಡ್ಡ ದಾರಿಯವು ಬೇಗ ವಾಪಸಾದವು, ಹಾಗಾಗಿ ಅಲ್ಲಿ ವಾಸನೆಯ ಗುರುತು ಬೇಗ ದಟ್ಟವಾಯಿತು. ದಟ್ಟವಾದ ಕಡೆಗೆ ಮತ್ತಷ್ಟು ಇರುವೆ. ಸ್ವಲ್ಪ ಹೊತ್ತಿನಲ್ಲಿ ಬಹುತೇಕ ಎಲ್ಲವೂ ಗಿಡ್ಡ ದಾರಿಗೇ ಬಂದವು. ಯಾವ ಇರುವೆಗೂ ನಕ್ಷೆ ಗೊತ್ತಿರಲಿಲ್ಲ. ಇದನ್ನೇ ಆಧಾರವಾಗಿ ಇಟ್ಟುಕೊಂಡು ಮಾರ್ಕೊ ಡೊರಿಗೊ 1992ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಕೊಟ್ಟ ಅಲ್ಗಾರಿದಮ್‌ಗಳನ್ನು ನಮ್ಮಲ್ಲಿ ಕೆಲವರು ಆಪ್ಟಿಮೈಸೇಶನ್ ಎಲೆಕ್ಟಿವ್‌ನಲ್ಲಿ ಓದಿದ್ದೇವೆ.

ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಆಂಟ್‌ಹಿಲ್ ಯೋಜನೆಯವರು ಇದನ್ನು ನೇರವಾಗಿ ಪೀರ್ ಟು ಪೀರ್ ನೆಟ್‌ವರ್ಕ್‌ಗೆ ತಂದರು. ಪ್ರತಿ ಕಂಪ್ಯೂಟರ್ ಒಂದು ಗೂಡು, ಪ್ರತಿ ಕೋರಿಕೆ ಗೂಡಿಂದ ಗೂಡಿಗೆ ಅಲೆಯುವ ಒಂದು ಇರುವೆ. ಅದಕ್ಕೂ ಮೊದಲು, 1999ರಲ್ಲಿ, ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಕ್ಲಾರ್ಕ್ ರೂಪಿಸಿದ ಫ್ರೀನೆಟ್ ನಡೆದುಕೊಳ್ಳುವ ರೀತಿಯೂ ಇರುವೆ ಸಾಲಿನಂತೆಯೇ ಇದೆ. ಕೋರಿಕೆ ಒಂದು ನೋಡ್‌ನಿಂದ ಮತ್ತೊಂದಕ್ಕೆ ಸಾಗುತ್ತದೆ. ಫೈಲ್ ಸಿಕ್ಕಮೇಲೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ನಡುವಿನ ನೋಡ್‌ಗಳೂ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತವೆ. ಜಾಸ್ತಿ ಜನ ಕೇಳಿದಷ್ಟೂ ಪ್ರತಿಗಳು ಹೆಚ್ಚಿ, ಕೇಳಿದವರ ಹತ್ತಿರಕ್ಕೇ ಬಂದು ಕೂರುತ್ತವೆ.

ಕೇಳದೇ ಇದ್ದರೆ? ಇರುವೆ ದಾರಿಯ ವಾಸನೆ ಆವಿಯಾಗುತ್ತದೆ. ಫ್ರೀನೆಟ್‌ನಲ್ಲೂ ಜಾಗ ತುಂಬಿದಾಗ ಬಹಳ ದಿನದಿಂದ ಯಾರೂ ಕೇಳದ ಫೈಲ್ ಮೊದಲು ಹೊರಗೆ ಹೋಗುತ್ತದೆ. ನಮ್ಮ ಕುಣಿತದ ವಿಡಿಯೊ ಉಳಿದು ಭಟ್ಟರ ಸಂದರ್ಶನ ಹೋಯ್ತಲ್ಲ, ಅದು ಇದೇ ನಿಯಮ. ವಾಟ್ಸಾಪ್ ಗ್ರೂಪ್ ಒಂದು ಇರುವೆ ಗೂಡಿನ ಹಾಗೆ ಕೆಲಸ ಮಾಡಿತು. ಅದರ ಲೆಕ್ಕದಲ್ಲಿ ಅದು ಸರಿಯಾಗೇ ಮಾಡಿತು.

ಬಿಟ್‌ಟೊರೆಂಟ್‌ನಲ್ಲಿ ಇದಕ್ಕೆ ಉಲ್ಟಾ ನಿಯಮ ಇದೆ. 2001ರಲ್ಲಿ ಬ್ರಾಮ್ ಕೊಹೆನ್ ಮಾಡಿದ ಈ ವ್ಯವಸ್ಥೆಯಲ್ಲಿ ಫೈಲಿನ ಯಾವ ತುಂಡು ಅತಿ ಕಡಿಮೆ ಜನರ ಹತ್ತಿರ ಇದೆಯೋ ಅದನ್ನೇ ಮೊದಲು ಇಳಿಸಿಕೊಳ್ಳಬೇಕು. ಅಪರೂಪದ್ದು ಬೇಗ ಸಾಮಾನ್ಯವಾಗಲಿ ಅನ್ನುವುದು ಇದರ ಉದ್ದೇಶ. ಆದರೆ ಇದು ಒಂದು ಫೈಲಿನ ತುಂಡುಗಳ ನಡುವಿನ ನ್ಯಾಯ ಅಷ್ಟೇ. ಆ ಫೈಲೇ ಯಾರಿಗೂ ಬೇಡವಾದರೆ ಸೀಡ್ ಮಾಡುವವರು ಒಬ್ಬೊಬ್ಬರಾಗಿ ಹೋಗಿ ಟೊರೆಂಟ್ ಸತ್ತೇ ಹೋಗುತ್ತದೆ.

ತುಂಡಿನಿಂದ ಇಡಿ

ಪ್ಲನೇರಿಯನ್ ಅನ್ನುವ ಚಪ್ಪಟೆ ಹುಳುವನ್ನು ಕತ್ತರಿಸಿದರೆ ಒಂದೊಂದು ತುಂಡೂ ಇಡೀ ಹುಳುವಾಗಿ ಬೆಳೆಯುತ್ತದೆ. ಅದರ ಪ್ರತಿ ಕೋಶದಲ್ಲೂ ಇಡೀ ಡಿಎನ್‌ಎ ಇದೆ. ಅಂದರೆ ಪ್ರಕೃತಿ ಇಲ್ಲಿ ಪೂರ್ತಿ ಪ್ರತಿಗಳನ್ನೇ ನಂಬಿದೆ. ಅದಕ್ಕೆ ಅದು ಅಗ್ಗ. ನಮಗೆ ಅಗ್ಗ ಅಲ್ಲ. ಮೂರು ಪ್ರತಿ ಇಡಲು ಮೂರು ಪಟ್ಟು ಡಿಸ್ಕ್, ಕರೆಂಟು, ಎಸಿ ಬೇಕು. ಇಲ್ಲಿ ಗಣಿತ ಪ್ರಕೃತಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ.

3 ಮತ್ತು 5 ಅನ್ನುವ ಎರಡು ಸಂಖ್ಯೆ ನಮ್ಮ ಡೇಟಾ. ಅವನ್ನು ಹಾಗೇ ಇಡುವ ಬದಲು ಒಂದು ಸರಳ ರೇಖೆ ಮಾಡೋಣ: ಡಬ್ಬಿಯ ನಂಬರನ್ನು 5ರಿಂದ ಗುಣಿಸಿ 3 ಕೂಡಿಸಿ. ಒಂದನೇ ಡಬ್ಬಿಗೆ 8, ಎರಡಕ್ಕೆ 13, ಮೂರಕ್ಕೆ 18, ನಾಲ್ಕಕ್ಕೆ 23. ಈಗ ಒಂದು ಮತ್ತು ಮೂರನೇ ಡಬ್ಬಿ ಹಾಳಾದವು ಅನ್ನಿ. ಉಳಿದವು 13 ಮತ್ತು 23. ಎರಡು ಹೆಜ್ಜೆಗೆ 10 ಏರಿದೆ, ಹಾಗಾದರೆ ಹೆಜ್ಜೆಗೆ 5. ಎರಡನೇ ಡಬ್ಬಿಯ 13ರಲ್ಲಿ ಎರಡು 5 ಕಳೆದರೆ 3. ಡೇಟಾ ಸಿಕ್ಕಿತು! ನಾಲ್ಕರಲ್ಲಿ ಯಾವ ಎರಡು ಹೋದರೂ ನಡೆಯುತ್ತದೆ. ಇದೇ ಭದ್ರತೆ ಪೂರ್ತಿ ಪ್ರತಿಗಳಿಂದ ಬೇಕಿದ್ದರೆ ಆರು ಡಬ್ಬಿ ಬೇಕಿತ್ತು. ರೇಖೆಯ ಬದಲು ದೊಡ್ಡ ಪಾಲಿನಾಮಿಯಲ್, ಮಾಮೂಲಿ ಸಂಖ್ಯೆಗಳ ಬದಲು ಫೈನೈಟ್ ಫೀಲ್ಡ್ ತೆಗೆದುಕೊಂಡರೆ ಅದೇ 1960ರ ರೀಡ್-ಸಾಲೊಮನ್ ಕೋಡ್. ಫೇಸ್‌ಬುಕ್ ತನ್ನ ದೊಡ್ಡ ಡೇಟಾ ಸಂಗ್ರಹದಲ್ಲಿ 10 ತುಂಡಿಗೆ 4 ಹೆಚ್ಚುವರಿ ತುಂಡು ಸೇರಿಸಿ ಇದನ್ನು ಬಳಸಿತು. ಜಾಗ 1.4 ಪಟ್ಟು ಮಾತ್ರ, ಯಾವ ನಾಲ್ಕು ತುಂಡು ಹೋದರೂ ಡೇಟಾ ಸುರಕ್ಷಿತ.

ಆದರೆ ಗಾಯ ಮಾಯುವುದು ದುಬಾರಿಯಾಯಿತು. ಪೂರ್ತಿ ಪ್ರತಿ ಇದ್ದಾಗ ಒಂದು ತುಂಡು ಹೋದರೆ ಇನ್ನೊಂದು ತುಂಡನ್ನು ಕಾಪಿ ಮಾಡಿದರೆ ಸಾಕಿತ್ತು. ಈಗ ಒಂದು ತುಂಡು ಮತ್ತೆ ಕಟ್ಟಲು ಹತ್ತು ತುಂಡು ಓದಬೇಕು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫೇಸ್‌ಬುಕ್‌ನ ಒಂದು ಕ್ಲಸ್ಟರ್‌ನಲ್ಲಿ ಇಂಥ ರಿಪೇರಿಗಾಗಿಯೇ ರ್‍ಯಾಕ್‌ಗಳ ನಡುವೆ ದಿನಕ್ಕೆ 180 ಟೆರಾಬೈಟ್‌ನಷ್ಟು ಡೇಟಾ ಓಡಾಡುತ್ತಿತ್ತು.

ಇಲ್ಲಿ ನಮ್ಮ ಊರಿನ ಕಥೆಯೂ ಸೇರುತ್ತದೆ. ಪ್ರತಿ ನೋಡ್ ತನ್ನ ಇಡೀ ತುಂಡನ್ನು ಕಳಿಸುವ ಬದಲು ಒಂದಿಷ್ಟು ಲೆಕ್ಕ ಮಾಡಿ ಸಣ್ಣ ಉತ್ತರ ಮಾತ್ರ ಕಳಿಸಿದರೆ ಸಾಕು ಅನ್ನುವುದನ್ನು ಅಲೆಕ್ಸ್ ಡಿಮಾಕಿಸ್ ಮತ್ತು ಸಂಗಡಿಗರು 2007ರಿಂದ ತೋರಿಸುತ್ತಾ ಬಂದರು. ಇಂಥ ಕೋಡ್‌ಗಳಿಗೆ ರೀಜನರೇಟಿಂಗ್ ಕೋಡ್, ಅಂದರೆ ಮರುಬೆಳೆಯುವ ಕೋಡ್ ಅಂತಲೇ ಹೆಸರು. ಅವನ್ನು ನಿಜವಾಗಿ ಕಟ್ಟುವ ಒಂದು ಅಚ್ಚುಕಟ್ಟಾದ ವಿಧಾನವನ್ನು 2011ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಐಐಎಸ್‌ಸಿಯ ಕೆ. ವಿ. ರಶ್ಮಿ, ನಿಹಾರ್ ಶಾ ಮತ್ತು ಪ್ರೊ. ಪಿ. ವಿಜಯ್ ಕುಮಾರ್. ನಾಲ್ಕು ಡಬ್ಬಿ, ಯಾವ ಎರಡಾದರೂ ಸಾಕು ಅನ್ನುವ ವ್ಯವಸ್ಥೆಯಲ್ಲಿ ಪ್ರತಿ ಡಬ್ಬಿಯಲ್ಲಿ 2 ಯೂನಿಟ್ ಇದ್ದರೆ ಹಳೆಯ ರಿಪೇರಿಗೆ 4 ಯೂನಿಟ್ ತರಿಸಬೇಕು. ಹೊಸದರಲ್ಲಿ ಉಳಿದ ಮೂವರೂ ಒಂದೊಂದು ಯೂನಿಟ್ ಕೊಟ್ಟರೆ 3ರಲ್ಲೇ ಮುಗಿಯುತ್ತದೆ. 10 ಮತ್ತು 4ರ ವ್ಯವಸ್ಥೆಯಲ್ಲಿ ಗಣಿತ ಹೇಳುವ ಕನಿಷ್ಠ ಮಿತಿ 10 ತುಂಡಿನ ಬದಲು 3.25 ತುಂಡು. ಮುಂದೆ 2014ರಲ್ಲಿ ರಶ್ಮಿ ಮತ್ತು ಜೊತೆಗಾರರು ಹಿಚ್‌ಹೈಕರ್ ಅನ್ನುವ ವ್ಯವಸ್ಥೆಯನ್ನು ಫೇಸ್‌ಬುಕ್‌ನ ಕ್ಲಸ್ಟರ್‌ನಲ್ಲಿ ಪರೀಕ್ಷಿಸಿ ರಿಪೇರಿಯ ಓದು ಮತ್ತು ಸಾಗಾಟವನ್ನು ಶೇಕಡಾ 25ರಿಂದ 45ರಷ್ಟು ಇಳಿಸಿದರು.

ಹೆಸರು ಜೀವಶಾಸ್ತ್ರದ್ದು, ಕೆಲಸ ಲೀನಿಯರ್ ಆಲ್ಜೀಬ್ರಾದ್ದು. ಮ್ಯಾಥ್ಸ್ ಕ್ಲಾಸಿನಲ್ಲಿ "ಇದೆಲ್ಲಾ ಎಲ್ಲಿ ಉಪಯೋಗಕ್ಕೆ ಬರುತ್ತೆ?" ಅಂತ ಗೊಣಗುವ ಹಕ್ಕು ಇನ್ನು ನಮಗಿಲ್ಲ.

ಪ್ರಕೃತಿಯ ಮಾತು ಎಲ್ಲಿ ಕೇಳಬಾರದು

ಪ್ರಕೃತಿ ಮಾಡಿದ್ದೆಲ್ಲ ಸರಿ ಅಂತ ಅಂದುಕೊಂಡರೆ ಮೂರು ಕಡೆ ಎಡವುತ್ತೇವೆ.

ಮೊದಲನೆಯದು, ಹಳೆಯ ಅಭ್ಯಾಸ. ಅದೇ ಸೇತುವೆ ಪ್ರಯೋಗದಲ್ಲಿ ಗಿಡ್ಡ ದಾರಿಯನ್ನು ಅರ್ಧ ಗಂಟೆ ತಡವಾಗಿ ಇಟ್ಟಾಗ ಇರುವೆಗಳು ಅದನ್ನು ಹೆಚ್ಚಾಗಿ ಬಳಸಲೇ ಇಲ್ಲ. ಉದ್ದ ದಾರಿಯ ವಾಸನೆ ಆಗಲೇ ಗಟ್ಟಿಯಾಗಿತ್ತು. ಅದಕ್ಕೇ ಇಂಥ ಅಲ್ಗಾರಿದಮ್‌ಗಳಲ್ಲಿ ಆವಿಯಾಗುವ ವೇಗವನ್ನು ನಾವು ಕೈಯಾರೆ ಹೊಂದಿಸಬೇಕು.

ಎರಡನೆಯದು, ಎಲ್ಲ ಪ್ರತಿಯೂ ಒಟ್ಟಿಗೆ ಸಾಯುವುದು. ನಂಜನಗೂಡು ರಸಬಾಳೆಯನ್ನೇ ನೋಡಿ. ಬಾಳೆ ಬೀಜದಿಂದ ಬರುವುದಿಲ್ಲ, ಕಂದಿನಿಂದ ಬರುತ್ತದೆ. ತೋಟದಲ್ಲಿ ಸಾವಿರ ಗಿಡ ಇದ್ದರೂ ಎಲ್ಲವೂ ಒಂದೇ ಗಿಡದ ಪ್ರತಿಗಳು. ಪನಾಮ ಸೊರಗು ರೋಗ ಒಂದಕ್ಕೆ ಬಂದರೆ ಎಲ್ಲಕ್ಕೂ ಬರುತ್ತದೆ. ಆ ತಳಿ ಅಳಿವಿನ ಅಂಚಿಗೆ ಹೋಗಿದ್ದು ಹೀಗೆಯೇ. ಮೂರು ಪ್ರತಿ ಇಟ್ಟಿದ್ದೇವೆ ಅಂತ ಬೀಗಿ, ಮೂರನ್ನೂ ಒಂದೇ ಕಂಪನಿಯ ಒಂದೇ ಬ್ಯಾಚಿನ ಡಿಸ್ಕಿನಲ್ಲಿ, ಒಂದೇ ರೂಮಿನಲ್ಲಿ ಇಟ್ಟರೆ ಅದು ಬಾಳೆ ತೋಟವೇ.

ಮೂರನೆಯದು, ಸಣ್ಣ ತಪ್ಪು. ಡಿಎನ್‌ಎ ಕಾಪಿಯಾಗುವಾಗ ಆಗೊಮ್ಮೆ ಈಗೊಮ್ಮೆ ಅಕ್ಷರ ತಪ್ಪುತ್ತದೆ, ವಿಕಾಸಕ್ಕೆ ಅದೇ ಬಂಡವಾಳ. ನಮ್ಮ ಫೈಲಿನಲ್ಲಿ ಒಂದು ಬಿಟ್ ತಪ್ಪಿದರೆ ಅದು ಹಾಳು. ಇದಕ್ಕೆ ಹ್ಯಾಶ್ ಬೇಕು. 1979ರಲ್ಲಿ ರಾಲ್ಫ್ ಮರ್ಕಲ್ ಕೊಟ್ಟ ಹ್ಯಾಶ್ ಮರವನ್ನು ಡೈನಮೋ, ಕಸಾಂಡ್ರಾ ಎರಡೂ ಬಳಸುತ್ತವೆ. ಹತ್ತು ಲಕ್ಷ ದಾಖಲೆಗಳಲ್ಲಿ ಒಂದೇ ಒಂದು ವ್ಯತ್ಯಾಸ ಇದ್ದರೂ ಬೇರಿನಿಂದ ಎಲೆಗೆ ಸುಮಾರು 20 ಹಂತ ಇಳಿದರೆ ಅದು ಸಿಕ್ಕಿಬೀಳುತ್ತದೆ. ಹೆಸರಿನಲ್ಲಿ ಮರ ಇದೆ ಅನ್ನುವುದು ಬಿಟ್ಟರೆ ಕಾಡಿನಲ್ಲಿ ಇದಕ್ಕೆ ಸಾಟಿ ಇಲ್ಲ.

ಈಗ ನಾವು ಮಾಡಿರುವುದು

ಕನ್ನಡ ಸಂಘವೂ ಒಂದು ವಿಕೇಂದ್ರಿತ ವ್ಯವಸ್ಥೆಯೇ. ಪ್ರತಿ ವರ್ಷ ನಾಲ್ಕರಲ್ಲಿ ಒಂದು ಭಾಗ ನೋಡ್‌ಗಳು ಪಾಸಾಗಿ ಹೊರಟುಹೋಗುತ್ತವೆ! ನಮ್ಮ ತಪ್ಪು ಡಿಸ್ಕ್ ಕೆಟ್ಟಿದ್ದಲ್ಲ, ಕೆಡುವುದೇ ಇಲ್ಲ ಅಂತ ಅಂದುಕೊಂಡಿದ್ದು.

ಸಿಕ್ಕಿದ್ದನ್ನೆಲ್ಲ ಸೇರಿಸಿ ಸಿಂಕ್‌ಥಿಂಗ್ ಅನ್ನುವ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಆರು ಜನರ ಕಂಪ್ಯೂಟರಿಗೆ ಹಂಚಿದ್ದೇವೆ. ನಮ್ಮದು ಸಣ್ಣ ಸಂಗ್ರಹ, ಹಾಗಾಗಿ ರೀಡ್-ಸಾಲೊಮನ್ ಬೇಡ, ಹುಳುವಿನ ಹಾಗೆ ಪೂರ್ತಿ ಪ್ರತಿಯೇ ಸಾಕು. ಆರರಲ್ಲಿ ಇಬ್ಬರು ಕ್ಯಾಂಪಸ್ ಹೊರಗಿನವರು, ಒಬ್ಬರು ಜರ್ಮನಿಯಲ್ಲಿ ಎಂಎಸ್ ಓದುತ್ತಿರುವ ಅಕ್ಕ. ಸಿಂಕ್ ಅಂದರೆ ಬ್ಯಾಕಪ್ ಅಲ್ಲ ಅನ್ನುವುದೂ ಗೊತ್ತಾಯಿತು. ಒಬ್ಬರು ಅಳಿಸಿದರೆ ಮರಣಪತ್ರ ಎಲ್ಲರಿಗೂ ಹಬ್ಬುತ್ತದೆ! ಆದ್ದರಿಂದ ಅಳಿಸಿದ ಹಳೆಯ ಪ್ರತಿಯನ್ನು ಪಕ್ಕಕ್ಕೆ ಎತ್ತಿಡುವ ವರ್ಶನಿಂಗ್ ಆನ್ ಮಾಡಿದ್ದೇವೆ, ಜೊತೆಗೆ ಒಂದು ಡಿಸ್ಕನ್ನು ಯಾವುದಕ್ಕೂ ಸಿಕ್ಕಿಸದೆ ಬೀರುವಿನಲ್ಲಿ ಇಟ್ಟಿದ್ದೇವೆ. ಎಲ್ಲ ಫೈಲುಗಳ ಹ್ಯಾಶ್ ಪಟ್ಟಿ ಬೇರೆ ಇದೆ. ತಿಂಗಳಿಗೊಮ್ಮೆ ಯಾವುದಾದರೂ ಐದು ಫೈಲು ತೆರೆದು ನೋಡುತ್ತೇವೆ. ಫೈನಲ್ ಇಯರ್‌ನವರು ಬೀಳ್ಕೊಡುಗೆ ಊಟಕ್ಕೆ ಮೊದಲು ತಮ್ಮ ಜಾಗಕ್ಕೆ ಒಬ್ಬ ಜೂನಿಯರನ್ನು ಕೂರಿಸಿ ಹೋಗಬೇಕು, ಇದು ಕಡ್ಡಾಯ.

ಇನ್ನೊಂದು ನಿಯಮ ಇರುವೆಗಳಿಗೆ ಉಲ್ಟಾ. ಯಾರೂ ನೋಡದ ಫೈಲನ್ನು ಮೊದಲು ಹಂಚಬೇಕು. ಕುಣಿತದ ವಿಡಿಯೊ ಹೇಗೂ ಉಳಿಯುತ್ತದೆ.

ಮುಂದಿನ ಬ್ಯಾಚ್‌ನವರು ನೋಡ್ ಆಗಲು ಬನ್ನಿ, ಲ್ಯಾಪ್‌ಟಾಪಿನಲ್ಲಿ ಸ್ವಲ್ಪ ಜಾಗ ಇದ್ದರೆ ಸಾಕು. ಹಾಗೇ ಭಟ್ಟರ ಆ ಸಂದರ್ಶನದ ದಿನ ಅಡುಗೆಮನೆಯಲ್ಲಿ ಇದ್ದವರು ಇದನ್ನು ಓದುತ್ತಿದ್ದರೆ, ನಿಮ್ಮ ಹಳೆಯ ಫೋನು, ಪೆನ್‌ಡ್ರೈವುಗಳನ್ನು ಒಮ್ಮೆ ತೆಗೆದು ನೋಡಿ. ಅರ್ಧ ನಿಮಿಷದ ಆಡಿಯೊ ಸಿಕ್ಕರೂ ನಮಗೆ ಕಳಿಸಿ. ಈ ಸಲ ಅದು ಆರು ಕಡೆ ಇರುತ್ತದೆ.